ವೈರಸ್ ಹೊಕ್ಕ ಬಿ ಕೋಶಗಳ ಅಂಟು

ಮನುಷ್ಯನ ಬಿ ಕೋಶಗಳಿಗೆ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಿಗೆ) ಎಪ್‌ಸ್ಟೀನ್-ಬಾರ್ ವೈರಸ್ ತಗುಲಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದರೆ, ಕೆಲವು ವಾರಗಳಲ್ಲಿ ಬರಿಗಣ್ಣಿಗೇ ಕಾಣುವ ಗೊಂಚಲುಗಳು ಕಟ್ಟುತ್ತವೆ. ವೈರಸ್ ಪತ್ತೆಯಾದದ್ದು 1964ರಲ್ಲಿ. ಈ ಅಂಟು ಯಾವುದೆಂದು ತಿಳಿಯಲು ಮತ್ತೆರಡು ದಶಕ ಬೇಕಾಯಿತು.

1980ರ ದಶಕದ ಆರಂಭದಲ್ಲಿ ಬಿಳಿ ರಕ್ತಕಣಗಳ ಮೇಲೆ ಎಲ್‌ಎಫ್‌ಎ-1 ಎಂಬ ಪ್ರೋಟೀನ್ ಸಿಕ್ಕಿತು. ಅದಕ್ಕೇ ಅಂಟಿ ಅದನ್ನು ತಡೆಯುವ ಪ್ರತಿಕಾಯ ಹಾಕಿದರೆ ಗೊಂಚಲು ಕಟ್ಟುತ್ತಿರಲಿಲ್ಲ. ಹಾಗಾದರೆ ಒಂದು ಕೋಶದ ಎಲ್‌ಎಫ್‌ಎ-1 ಪಕ್ಕದ ಕೋಶದ ಎಲ್‌ಎಫ್‌ಎ-1ಅನ್ನೇ ಹಿಡಿಯುತ್ತದೆಯೇ? ಉತ್ತರ ಸಿಕ್ಕಿದ್ದು ಹುಟ್ಟಿನಿಂದಲೇ ಈ ಪ್ರೋಟೀನ್ ಇಲ್ಲದ ರೋಗಿಗಳ ಕೋಶಗಳಿಂದ. (ಅವರ ಬಿಳಿ ರಕ್ತಕಣಗಳು ರಕ್ತನಾಳ ದಾಟಲಾರವು; ಸೋಂಕಾದ ಗಾಯದಲ್ಲಿ ಕೀವೂ ಕಟ್ಟದು.) ವೈರಸ್ ತಗುಲಿಸಿದ ಆ ಬಿ ಕೋಶಗಳು ತಮ್ಮತಮ್ಮಲ್ಲಿ ಅಂಟಲಿಲ್ಲ, ಎಲ್‌ಎಫ್‌ಎ-1 ಇರುವ ಕೋಶಗಳಿಗೆ ಅಂಟಿದವು. ಅಂದರೆ ಹಿಡಿಸಿಕೊಳ್ಳುವ ಪ್ರೋಟೀನ್ ಬೇರೆಯೇ ಇತ್ತು. ಬಾಸ್ಟನ್‌ನ ತಿಮೊತಿ ಸ್ಪ್ರಿಂಗರ್ ತಂಡ ಇವೇ ಕೋಶಗಳನ್ನು ಇಲಿಗೆ ಚುಚ್ಚಿ, ಹುಟ್ಟಿದ ಪ್ರತಿಕಾಯಗಳಲ್ಲಿ ಅಂಟು ತಡೆಯುವುದನ್ನು ಆರಿಸಿ, 1986ರಲ್ಲಿ ಆ ಬೇರೆ ಪ್ರೋಟೀನನ್ನು, ಅಂದರೆ ಐಕ್ಯಾಮ್-1 ಅನ್ನು, ಗುರುತಿಸಿತು. ಎಲ್‌ಎಫ್‌ಎ-1 ಇಲ್ಲದ ಕೋಶವನ್ನೇ ಚುಚ್ಚಿದ್ದರಲ್ಲಿ ದೊಡ್ಡ ಜಾಣತನವಿದೆ: ಇಲ್ಲವಾದರೆ ಹಳೆಯ ಪ್ರೋಟೀನಿನ ಪ್ರತಿಕಾಯಗಳೇ ಮತ್ತೆ ಕೈಗೆ ಬರುತ್ತಿದ್ದವು.

ಗೊಂಚಲು ಕಂಡ ಮಾತ್ರಕ್ಕೆ ಅದು ಎಲ್‌ಎಫ್‌ಎ-1ರ ಕೆಲಸ ಎನ್ನುವಂತಿಲ್ಲ. ಎಲ್‌ಎಫ್‌ಎ-1 ಹಿಡಿಯಬೇಕಾದರೆ ಮೆಗ್ನೀಸಿಯಂ ಬೇಕು, ಬಿಸುಪೂ ಬೇಕು. ಆದ್ದರಿಂದ ಒಂದು ಮಾದರಿಗೆ ಮೆಗ್ನೀಸಿಯಂ ಹಿಡಿದಿಡುವ ಇಡಿಟಿಎ ಹಾಕಿ, ಇನ್ನೊಂದನ್ನು 4 ಡಿಗ್ರಿಯಲ್ಲಿಟ್ಟು, ಮೂರನೆಯದಕ್ಕೆ ತಡೆಯುವ ಪ್ರತಿಕಾಯ ಸೇರಿಸಿ ಹೋಲಿಸಬೇಕು. ಮೂರರಲ್ಲೂ ಗೊಂಚಲು ಉಳಿದರೆ, ಸತ್ತ ಕೋಶಗಳಿಂದ ಸೋರಿದ ಡಿಎನ್‌ಎ ಅಂಟಿಸಿರಬಹುದು.

ಕಥೆ ತಿರುಗಿದ್ದು 1988ರಲ್ಲಿ. ವೈರಸ್ ಮೊದಲು ಸಿಕ್ಕಿದ್ದು ಆಫ್ರಿಕದ ಮಕ್ಕಳ ಬರ್ಕಿಟ್ ಲಿಂಫೋಮ ಎಂಬ ಬಿ ಕೋಶಗಳ ಕ್ಯಾನ್ಸರ್ ಗಡ್ಡೆಯಲ್ಲಿ. ಆದರೆ ಆ ಗಡ್ಡೆಯ ಕೋಶಗಳು ಬಿಡಿಬಿಡಿಯಾಗಿ ಬೆಳೆಯುತ್ತವೆ. ಅವುಗಳ ಮೇಲೆ ಐಕ್ಯಾಮ್-1 ಮತ್ತು ಎಲ್‌ಎಫ್‌ಎ-3 ಎಂಬ ಇನ್ನೊಂದು ಅಂಟು ಪ್ರೋಟೀನ್ ತೀರ ಕಡಿಮೆ ಎಂದು ಆ ವರ್ಷ ತಿಳಿಯಿತು. ಸೋಂಕಾದ ಕೋಶಗಳನ್ನು ಕೊಲ್ಲುವ ಟಿ ಕೋಶ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಮೊದಲು ಗುರಿಯನ್ನು ಬಿಗಿಯಾಗಿ ಹಿಡಿಯಬೇಕು. ಹಿಡಿಯಲು ಏನೂ ಇಲ್ಲದಿದ್ದರೆ ಗಡ್ಡೆ ಪಾರಾಗುತ್ತದೆ.

ಒಂದೇ ವೈರಸ್, ಎರಡು ವಿರುದ್ಧ ಫಲ. ಕಾರಣ, ವೈರಸ್ಸಿನ ಎಲ್‌ಎಂಪಿ-1 ಪ್ರೋಟೀನ್. ಪ್ರಯೋಗಶಾಲೆಯ ಕೋಶಗಳಲ್ಲಿ ಅದು ಎನ್‌ಎಫ್-ಕಪ್ಪಾ-ಬಿ ಎಂಬ ಜೀನ್ ನಿಯಂತ್ರಕದ ಮೂಲಕ ಐಕ್ಯಾಮ್-1ನ ಜೀನ್ ಚುರುಕುಗೊಳಿಸುತ್ತದೆ. ಬರ್ಕಿಟ್ ಕೋಶಗಳಲ್ಲಿ ವೈರಸ್ಸಿನ ಪ್ರೋಟೀನುಗಳ ಪೈಕಿ ಸಾಮಾನ್ಯವಾಗಿ ಇಬಿಎನ್‌ಎ-1 ಮಾತ್ರ ಉಳಿದು, ಎಲ್‌ಎಂಪಿ-1 ಮೌನವಾಗಿರುತ್ತದೆ. ಎಲ್‌ಎಂಪಿ-1 ಇರುವ ಕೋಶಗಳು ಆರೋಗ್ಯವಂತರಲ್ಲಿ ಬೆಳೆದರೂ ಟಿ ಕೋಶಗಳ ಕೈಗೆ ಸಿಕ್ಕಿಬೀಳುತ್ತವೆ. ಅಂಗಾಂಗ ಕಸಿಯಾಗಿ, ಟಿ ಕೋಶ ಅಡಗಿಸುವ ಔಷಧ ಸೇವಿಸುವವರಲ್ಲಿ ಇವೇ ಗಡ್ಡೆಯಾಗುವುದುಂಟು; ಅದಕ್ಕೇ ಅಲ್ಲಿ ವೈದ್ಯರು ಮೊದಲು ಆ ಔಷಧದ ಪ್ರಮಾಣ ಇಳಿಸುತ್ತಾರೆ.