ಟ್ಯೂಬ್ ಒಳಗೆ ಸಲೀಸು, ಜಂಕ್ಷನ್‌ನಲ್ಲಿ ನೂಕುನುಗ್ಗಲು

ಮುಂಬೈನ ಮಾಟುಂಗದ ಹೂವಿನಂಗಡಿಯಲ್ಲಿ ಸಿಗುವ ಕರ್ಪೂರಕ್ಕೂ ನಾಳಿನ ಮೊಬೈಲ್ ಪರದೆಗೂ ಒಂದು ನಂಟಿದೆ. ಪೊವಾಯಿಯ ಐಐಟಿಯಲ್ಲಿ ಮಹೇಶ್ವರ ಶರೋನ್ ಅವರ ಗುಂಪು 1990ರ ದಶಕದಲ್ಲೇ ಕರ್ಪೂರವನ್ನು ಕುಲುಮೆಯಲ್ಲಿ ಬಿಸಿ ಮಾಡಿ ಇಂಗಾಲದ ನ್ಯಾನೊ ವಸ್ತುಗಳನ್ನು ತಯಾರಿಸಿತ್ತು. ಮುಂದೆ ಜಪಾನಿನಲ್ಲಿ ಮುಕುಲ್ ಕುಮಾರ್ ಮತ್ತು ಯೋಶಿನೋರಿ ಆಂಡೊ ಅದೇ ಕರ್ಪೂರದಿಂದ ಒಂದೇ ಪದರದ ನ್ಯಾನೊಟ್ಯೂಬ್‌ಗಳನ್ನೂ, ಅಂದರೆ ಅತಿ ಸೂಕ್ಷ್ಮವಾದ ಇಂಗಾಲದ ಕೊಳವೆಗಳನ್ನೂ ಮಾಡಿದರು. ಟ್ಯೂಬ್ ಮಾಡುವುದು ಹಾಗೆ ಒಂದು ಹಂತಕ್ಕೆ ಬಂತು. ಆದರೆ ಅವನ್ನು ಹರಡಿ ಪರದೆಗೆ ಬೇಕಾದ, ಬೆಳಕು ಬಿಡುವ ತೆಳು ಫಿಲ್ಮ್ ಮಾಡಿದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ತಲೆನೋವು ಇರುವುದು ಅಲ್ಲಿ.

ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಈ ಟ್ಯೂಬ್‌ಗಳತ್ತ ಜಗತ್ತಿನ ಗಮನ ಸೆಳೆದರು. 1993ರಲ್ಲಿ ಒಂದೇ ಪದರದವು ಬಂದವು. ಸುಮ್ನೆ ಬೆಳೆಯಲು ಬಿಟ್ಟರೆ ಸುಮಾರು ಮೂರರಲ್ಲಿ ಒಂದು ಟ್ಯೂಬ್ ಲೋಹದಂತೆ ವರ್ತಿಸುತ್ತದೆ, ಉಳಿದವು ಸೆಮಿಕಂಡಕ್ಟರ್. ಲೋಹದಂಥ ಒಂದು ಚಿಕ್ಕ ಟ್ಯೂಬ್‌ನ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 6.5 ಕಿಲೋ ಓಮ್‌ವರೆಗೂ ಇಳಿಯಬಲ್ಲದು. ಅದರೊಳಗೆ ಎಲೆಕ್ಟ್ರಾನ್ ಎಲ್ಲೂ ಎಡವದೆ ಓಡುತ್ತದೆ.

ಡೊಂಬಿವಲಿಯಿಂದ ಅಂಧೇರಿಗೆ ಕೆಲಸಕ್ಕೆ ಹೋಗುವ ಕನ್ನಡಿಗರಿಗೆ ಮುಂದಿನದನ್ನು ಹೇಳಿಕೊಡಬೇಕಿಲ್ಲ. ಫಾಸ್ಟ್ ಲೋಕಲ್ ದಾದರ್‌ವರೆಗೆ ಸರ್ರನೆ ಬರುತ್ತದೆ. ಸೆಂಟ್ರಲ್‌ನಿಂದ ವೆಸ್ಟರ್ನ್‌ಗೆ ಸೇತುವೆ ಹತ್ತಿ ದಾಟುವಾಗಲೇ ಸಮಯ ಹಾಳು, ಅಲ್ವಾ? ಫಿಲ್ಮ್‌ನಲ್ಲೂ ಹಾಗೆಯೇ. ಒಂದು ಟ್ಯೂಬ್‌ನಿಂದ ಇನ್ನೊಂದಕ್ಕೆ ಜಿಗಿಯುವ ಜಾಗದಲ್ಲೇ ರೋಧ ಜಾಸ್ತಿ. ಎರಡು ಲೋಹದಂಥ ಟ್ಯೂಬ್‌ಗಳು ಅಡ್ಡಡ್ಡ ಸಂಧಿಸಿದರೆ ನೂರಾರು ಕಿಲೋ ಓಮ್ ಎಂದು 2000ದಲ್ಲಿ ಅಮೆರಿಕದಲ್ಲಿ ಅಳೆದು ತೋರಿಸಿದರು. ಲೋಹದಂಥದ್ದು ಸೆಮಿಕಂಡಕ್ಟರ್ ಜೊತೆ ಸೇರಿದರೆ ಪಾಡು ಇನ್ನೂ ಕಷ್ಟ. ಹಾಗಾಗಿ ಈ ಫಿಲ್ಮ್‌ಗಳ ಇತಿಹಾಸ ಎಂದರೆ ಹೆಚ್ಚುಕಡಿಮೆ ಈ ಸಂಧಿಗಳನ್ನು ಸರಿಮಾಡಲು ಹೆಣಗಿದ ಕತೆ ಎನ್ನುವುದು ನನ್ನ ಅಭಿಪ್ರಾಯ.

ಮೊದಲ ದಾರಿ ಡೋಪಿಂಗ್, ಅಂದರೆ ಟ್ಯೂಬ್‌ಗಳಿಗೆ ಬೇರೆ ರಾಸಾಯನಿಕ ಸೇರಿಸಿ ಕರೆಂಟಿನ ಹರಿವು ಸಲೀಸು ಮಾಡುವುದು. 1997ರಲ್ಲಿ ಟ್ಯೂಬ್ ಕಟ್ಟುಗಳಿಗೆ ಬ್ರೋಮಿನ್ ಮತ್ತು ಪೊಟ್ಯಾಸಿಯಂ ಸೇರಿಸಿ ನೋಡಿದಾಗ ರೋಧ 30 ಪಟ್ಟಿನವರೆಗೂ ಇಳಿಯಿತು. ಆಮೇಲೆ ನೈಟ್ರಿಕ್ ಆಸಿಡ್, ಥಯೋನಿಲ್ ಕ್ಲೋರೈಡ್, ಗೋಲ್ಡ್ ಕ್ಲೋರೈಡ್ ಬಂದವು. ಈ ಮೂರೂ ಟ್ಯೂಬ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಆಗ ಸೆಮಿಕಂಡಕ್ಟರ್ ಟ್ಯೂಬ್‌ಗಳೂ ಕರೆಂಟು ಹೊರಲು ಕೈ ಜೋಡಿಸುತ್ತವೆ, ಸಂಧಿಯ ತಡೆಯೂ ತೆಳುವಾಗುತ್ತದೆ. ಆದರೆ ಈ ಲಾಭ ನಿಲ್ಲುವುದಿಲ್ಲ. ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದ ಫಿಲ್ಮ್ ಗಾಳಿಗೆ ಬಿಟ್ಟರೆ ದಿನ ಕಳೆದಂತೆ ರೋಧ ಏರುತ್ತದೆ, ಬಿಸಿ ತಗುಲಿದರೆ ಇನ್ನೂ ಬೇಗ. ಮುಂಬೈ ಮಳೆಗಾಲದ ತೇವಕ್ಕೆ ಇಂಥ ಫಿಲ್ಮ್ ಒಡ್ಡುವ ಧೈರ್ಯ ನನಗಂತೂ ಇಲ್ಲ.

ಇನ್ನೊಂದು ಕಾಟ ಸೋಪಿನದು. 2004ರಲ್ಲಿ ಫ್ಲೋರಿಡಾದಲ್ಲಿ ಆಂಡ್ರೂ ರಿಂಜ್ಲರ್ ಅವರ ಗುಂಪು ಟ್ಯೂಬ್‌ಗಳನ್ನು ಸೋಪಿನಂಥ ದ್ರಾವಣದಲ್ಲಿ ಬೆರೆಸಿ, ಸೋಸಿ, ಪಾರದರ್ಶಕ ಫಿಲ್ಮ್ ಮಾಡುವ ಸರಳ ವಿಧಾನ ತೋರಿಸಿತು. ಆದರೆ ತೊಳೆದು ಹೋಗದ ಸೋಪು ಟ್ಯೂಬ್‌ಗಳ ಮಧ್ಯೆ ಕೂತರೆ ತಡೆಗೋಡೆಯಾಗುತ್ತದೆ. ಟ್ಯೂಬ್‌ಗಳನ್ನು ಬಿಡಿಸಲು ಬಳಸುವ ಅಲ್ಟ್ರಾಸೌಂಡ್ ಅವನ್ನು ತುಂಡರಿಸುತ್ತದೆ. ತುಂಡು ಚಿಕ್ಕದಾದಷ್ಟೂ ಸಂಧಿ ಜಾಸ್ತಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2009ರಲ್ಲಿ ಕ್ಲೋರೋಸಲ್ಫೋನಿಕ್ ಆಸಿಡ್ ಇವುಗಳನ್ನು ತಾನಾಗಿಯೇ ಕರಗಿಸುತ್ತದೆ ಎಂದು ತೋರಿಸಿದರು. ಸೋಪೂ ಬೇಡ, ಅಲ್ಟ್ರಾಸೌಂಡೂ ಬೇಡ. ಆದರೆ ನೀರು ತಾಗಿದರೆ ರಭಸದಿಂದ ಕುದಿದು ಹೊಗೆಯುಗುಳುವ ಆಸಿಡ್ ಅದು. ಕಾರ್ಖಾನೆಯವರು ಖುಷಿಯಿಂದ ಒಪ್ಪುವಂಥದ್ದಲ್ಲ.

2018ರಲ್ಲಿ ಚೀನಾದ ಶೆನ್ಯಾಂಗ್‌ನವರು ನೇರವಾಗಿ ಸಂಧಿಗೇ ಕೈ ಹಾಕಿದರು. ಟ್ಯೂಬ್‌ಗಳು ಬೆಳೆಯುವಾಗಲೇ ಸಂಧಿಗಳನ್ನು ಇಂಗಾಲದಿಂದ ಬೆಸೆದರು. 90% ಬೆಳಕು ಬಿಡುವ ಫಿಲ್ಮ್‌ನಲ್ಲಿ ಡೋಪಿಂಗ್ ಇಲ್ಲದೆ ಚೌಕಕ್ಕೆ 41 ಓಮ್ (ತೆಳು ಫಿಲ್ಮ್‌ನ ರೋಧ ಹೇಳುವ ರೀತಿ ಇದು, ಕಡಿಮೆಯಾದಷ್ಟೂ ಒಳ್ಳೆಯದು), ಡೋಪಿಂಗ್ ಮಾಡಿದರೆ 25 ಓಮ್. ಇಂದಿನ ಪರದೆಗಳಲ್ಲಿರುವ ಇಂಡಿಯಂ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಾಹಕ ಗಾಜಿನ ಮೇಲೆ 10ರಿಂದ 20 ಓಮ್ ಕೊಡುತ್ತದೆ. ಬಗ್ಗಿಸಿದರೆ ಬಿರುಕು ಬಿಡುತ್ತದೆ ಅನ್ನುವುದು ಅದರ ದೋಷ. ನನಗೆ ಆ 25ಕ್ಕಿಂತ 41 ದೊಡ್ಡ ಸಾಧನೆಯಾಗಿ ಕಾಣುತ್ತದೆ. ಹಾರಿಹೋಗುವ ರಾಸಾಯನಿಕವನ್ನು ನಂಬಿ ಕೂತ ಅಂಕಿ ಅದಲ್ಲವಲ್ಲ. ಹೊಸ ದಾಖಲೆಯ ಸುದ್ದಿ ಬಂದಾಗಲೂ ನಾನು ಮೊದಲು ಹುಡುಕುವುದು ಎರಡನ್ನೇ: ಎಷ್ಟು ಬೆಳಕು ಬಿಡುವ ಫಿಲ್ಮ್‌ನಲ್ಲಿ ಅಷ್ಟು ಓಮ್ ಬಂತು, ಡೋಪ್ ಮಾಡಿ ಎಷ್ಟು ದಿನದ ಮೇಲೆ ಅಳೆದರು.