ತೋಟಕ್ಕೆ ರಾತ್ರಿ ಕ್ಯಾಮೆರಾ: ಎಷ್ಟು ಮೆಗಾಪಿಕ್ಸೆಲ್‌ನದ್ದು ಬೇಕು?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ತೆಂಗಿನ ಸಸಿಗಳ ಬುಡ ರಾತ್ರಿ ಹಾಳಾಗುತ್ತಿದೆ. ಕಾಡುಹಂದಿಯೋ ಮುಳ್ಳುಹಂದಿಯೋ ಗೊತ್ತಿಲ್ಲ. ಕ್ಯಾಮೆರಾ ಇಡೋಣ ಅಂತ ಇದ್ದೇವೆ. 20 ಮೆಗಾಪಿಕ್ಸೆಲ್ ಸಾಕೋ, 48ರದ್ದೇ ಬೇಕೋ?

ಉತ್ತರ: ಆ ಅಂಕಿ ನೋಡಿ ದಯವಿಟ್ಟು ದುಡ್ಡು ಹಾಕಬೇಡಿ. ಅಗ್ಗದ ಟ್ರೇಲ್ ಕ್ಯಾಮೆರಾಗಳಲ್ಲಿ (ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವಂಥವು) ಚಿತ್ರ ಹಿಡಿಯುವ ನಿಜವಾದ ಸೆನ್ಸರ್ ಅದಕ್ಕಿಂತ ಬಹಳ ಚಿಕ್ಕದು. ಉಳಿದದ್ದು ಸಾಫ್ಟ್‌ವೇರ್ ಚಿತ್ರವನ್ನು ಹಿಗ್ಗಿಸಿ ತೋರಿಸುವ ಲೆಕ್ಕ. ಫೈಲು ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ.

ಮುಖ್ಯವಾದದ್ದು ಟ್ರಿಗರ್ ವೇಗ, ಅಂದರೆ ಪ್ರಾಣಿಯ ಮೈಶಾಖ ಅಲುಗಿದ್ದು ಗೊತ್ತಾದ ಮೇಲೆ ಫೋಟೋ ತೆಗೆಯಲು ಹಿಡಿಯುವ ಹೊತ್ತು. ಅದು ಅರ್ಧ ಸೆಕೆಂಡಿನೊಳಗೆ ಇರಲಿ. ಒಂದು ಸೆಕೆಂಡ್ ದಾಟಿದರೆ ಪಾಗಾರದ ಮೇಲೆ ಓಡುವ ಕಬ್ಬೆಕ್ಕು ಆಗಲೇ ಹೋಗಿರುತ್ತದೆ. ಚಿತ್ರದ ಅಂಚಿನಲ್ಲಿ ಬಾಲದ ತುದಿ ಮಾತ್ರ.

ಇನ್ನು ರಾತ್ರಿ ಫೋಟೋಗೆ ಕ್ಯಾಮೆರಾ ಚೆಲ್ಲುವ ಅತಿಗೆಂಪು (ಇನ್‌ಫ್ರಾರೆಡ್) ಬೆಳಕು. 850 ನ್ಯಾನೋಮೀಟರ್ ತರಂಗದ ದೀಪ ದೂರಕ್ಕೆ ಬೀಳುತ್ತದೆ, ಆದರೆ ಕತ್ತಲಲ್ಲಿ ಕೆಂಪು ಚುಕ್ಕೆ ಕಾಣುತ್ತದೆ. 940ರದ್ದು ಕಾಣುವುದಿಲ್ಲ, ದೂರ ಕಡಿಮೆ. ಅಡಿಕೆ ಕಳ್ಳರ ಭಯವೂ ಇದ್ದರೆ 940 ಒಳ್ಳೆಯದು. ಫೋಟೋವನ್ನು ಫೋನಿಗೆ ಕಳಿಸುವ, ಸಿಮ್ ಹಾಕುವ ಮಾದರಿ ಕೊಳ್ಳುವ ಮೊದಲು ತಗ್ಗಿನ ತೋಟದೊಳಗೆ ಫೋನ್ ಹಿಡಿದು ನೆಟ್‌ವರ್ಕ್ ಇದೆಯೇ ನೋಡಿ.

ಒಳ್ಳೆಯ ಕ್ಯಾಮೆರಾವೂ ಸೋಲುವುದು ಇಡುವ ಜಾಗದಲ್ಲಿ. ಎಳೆಯ ಅಡಿಕೆ ಮರಕ್ಕೆ ಎತ್ತರದಲ್ಲಿ ಕಟ್ಟಿದರೆ ಗಾಳಿಗೆ ಮರ ತೂಗಿದಷ್ಟೂ ಖಾಲಿ ಫೋಟೋ. ಹಲಸಿನಂಥ ದಪ್ಪ ಮರಕ್ಕೋ ಕಲ್ಲಿನ ಕಂಬಕ್ಕೋ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿ. ಸಸಿ 3 ಮೀಟರ್ ದೂರ ಇರಲಿ. ಒಂದೂವರೆ ಮೀಟರಿಗಿಂತ ಹತ್ತಿರ ಬಂದ ಪ್ರಾಣಿ ಸಾಮಾನ್ಯವಾಗಿ ಮಸುಕಾಗುತ್ತದೆ. ಎದುರಿನ ಬಾಳೆ ಎಲೆ, ಜೋತ ಸೋಗೆ ಕಡಿದುಬಿಡಿ: ಬಿಸಿಲಿಗೆ ಕಾದ ಎಲೆ ಅಲುಗಿದರೂ ಶಾಖ ಗುರುತಿಸುವ ಸೆನ್ಸರ್ ಪ್ರಾಣಿ ಎಂದೇ ತಿಳಿಯುತ್ತದೆ. ಮುಖ ಉತ್ತರಕ್ಕಿರಲಿ, ಬೆಳಗು ಸಂಜೆಯ ಬಿಸಿಲು ಲೆನ್ಸಿಗೆ ಹೊಡೆಯುವುದಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಗಾಳಿಯ ಶಾಖ ಮೈಶಾಖದ ಹತ್ತಿರ ಬರುವುದರಿಂದ ಹಗಲಲ್ಲಿ ಈ ಸೆನ್ಸರ್ ಮಂದವಾಗುತ್ತದೆ, ಕ್ಯಾಮೆರಾ ಹಾಳಾಯಿತು ಎಂದಲ್ಲ.

ಮಳೆಗಾಲದಲ್ಲಿ ರಬ್ಬರ್ ಅಂಚಿನಲ್ಲಿ ಒಂದು ಇರುವೆಯೋ ಮಣ್ಣಿನ ಕಣವೋ ಸಿಕ್ಕಿಕೊಂಡರೂ ನೀರು ಒಳಗಿಳಿಯುತ್ತದೆ. ಒರೆಸಿಯೇ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ದ್ರಾವಣ ಸಿಂಪಡಿಸುವ ದಿನ ಕ್ಯಾಮೆರಾ ಬಿಚ್ಚಿ ತನ್ನಿ, ಸುಣ್ಣದ ಹನಿ ಲೆನ್ಸಿನ ಮೇಲೆ ಒಣಗಿದರೆ ಉಜ್ಜಿ ತೆಗೆಯುವಾಗ ಗೀರು ಬೀಳುತ್ತದೆ.

ಮೆಮೊರಿ ಕಾರ್ಡು 32 ಜಿಬಿ, ಕ್ಲಾಸ್ 10 (ಬರೆಯುವ ವೇಗದ ದರ್ಜೆ). ಫಾರ್ಮ್ಯಾಟ್ ಕ್ಯಾಮೆರಾದಲ್ಲೇ ಮಾಡಿ. ಸೆಟ್ಟಿಂಗ್ ಪ್ರತಿ ಸಲಕ್ಕೆ 3 ಫೋಟೋ, ಜೊತೆಗೆ 10 ಸೆಕೆಂಡಿನ ವಿಡಿಯೋ. ಹಂದಿ ಮೂತಿಯಿಂದ ಮಣ್ಣು ಎತ್ತುವುದೂ ಮುಳ್ಳುಹಂದಿ ಹಲ್ಲಿನಿಂದ ಬುಡ ಕೊರೆಯುವುದೂ ವಿಡಿಯೋದಲ್ಲಿ ಸ್ಪಷ್ಟವಾಗುತ್ತದೆ.

ಕಟ್ಟಿದ ಸಂಜೆಯೇ ಸಸಿಯ ಎದುರು ಹಂದಿಯ ಎತ್ತರಕ್ಕೆ ಬಗ್ಗಿ ಅಡ್ಡಲಾಗಿ ನಡೆದು ಕಾರ್ಡು ನೋಡಿ. ಬೆನ್ನು ಮಾತ್ರ ಕಂಡರೆ ಕ್ಯಾಮೆರಾದ ಹಿಂದೆ, ಮೇಲಂಚಿನಲ್ಲಿ ಬೆರಳು ದಪ್ಪದ ಕೋಲು ಸಿಕ್ಕಿಸಿ ಬೆಲ್ಟು ಬಿಗಿಯಿರಿ. ಮುಖ ಕೆಳಗೆ ಬಾಗುತ್ತದೆ.