ಹಳೆಯ ಆಂಪ್‌ನಲ್ಲಿ ಮುದಿಯಾಗುವುದು ಟ್ಯೂಬ್ ಅಲ್ಲ

ಹಳೆಯ ಟ್ಯೂಬ್ ಗಿಟಾರ್ ಆಂಪ್ಲಿಫೈಯರ್ ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಒಂದೇ. ಹಿಂದಿನಿಂದ ಬಗ್ಗಿ ಟ್ಯೂಬ್‌ಗಳನ್ನು, ಅಂದರೆ ಗಿಟಾರಿನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಗಾಜಿನ ಕೊಳವೆಗಳನ್ನು, ನೋಡುತ್ತಾರೆ. ಎಲ್ಲವೂ ಕೆಂಪಗೆ ಬೆಳಗುತ್ತಿದ್ದರೆ ಆಂಪ್ ಗಟ್ಟಿಮುಟ್ಟಾಗಿದೆ ಅಂತ ತೀರ್ಮಾನ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಬೆಳಕಿನಿಂದ ಗೊತ್ತಾಗುವುದು ಒಳಗಿನ ಹೀಟರ್ ತಂತಿಗೆ 6.3 ವೋಲ್ಟ್ ಸಿಗುತ್ತಿದೆ ಅನ್ನುವುದಷ್ಟೇ.

ಟ್ಯೂಬ್ ಕೆಟ್ಟರೆ ಬಲ್ಬಿನ ಹಾಗೆ ಕಿತ್ತು ಇನ್ನೊಂದು ಸಿಕ್ಕಿಸಬಹುದು. 12ಎಎಕ್ಸ್7, 6ಎಲ್6, ಇಎಲ್34 ಮುಂತಾದ ಟ್ಯೂಬ್ ಮಾದರಿಗಳೆಲ್ಲ ಇಂದಿಗೂ ತಯಾರಾಗುತ್ತಿವೆ. ಗಾಜಿನೊಳಗೆ ಗಾಳಿ ನುಗ್ಗಿದ್ದರೆ ಕಣ್ಣಿಗೇ ಕಾಣುತ್ತದೆ. ಒಳಮೈಗೆ ಬಳಿದ ಬೇರಿಯಂ ಲೋಹದ ಬೆಳ್ಳಿಬಣ್ಣ ಸುಣ್ಣದ ಹಾಗೆ ಬಿಳಿಚಿಕೊಂಡಿರುತ್ತದೆ. ನಿಜವಾಗಿ ಮುಪ್ಪು ಬರುವ ಭಾಗ ಬೇರೆ. ಅದು ಯಾರ ಕಣ್ಣಿಗೂ ಬೀಳದೆ ಮರೆಯಲ್ಲಿ ಬೆಸುಗೆ ಹಾಕಿಸಿಕೊಂಡು ಕೂತಿರುತ್ತದೆ. ಅದೇ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಕರೆಂಟನ್ನು ಕೂಡಿಟ್ಟುಕೊಂಡು ಬೇಕಾದಾಗ ಕೊಡುವ ಭಾಗ. ನನ್ನ ಮಟ್ಟಿಗೆ ಇಡೀ ಆಂಪ್‌ನಲ್ಲಿ ಇದಕ್ಕಿಂತ ಚಂದದ ವಸ್ತು ಇನ್ನೊಂದಿಲ್ಲ.

ಪವರ್ ಟ್ಯೂಬ್‌ಗೆ ಸಾಮಾನ್ಯವಾಗಿ 300ರಿಂದ 450 ವೋಲ್ಟ್‌ನ, ಅಲುಗದ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು, ಬೇಕು. ಆದರೆ ಗೋಡೆಯ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನಿಂದ ಅದು ಬರುವುದು ಬಿಟ್ಟು ಬಿಟ್ಟು. ಮೇನ್ಸ್ (ಮನೆಗೆ ಬರುವ ಕರೆಂಟು) 50 ಹರ್ಟ್ಸ್ ಇರುವಲ್ಲಿ ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರುವ ಅಮೆರಿಕದಲ್ಲಿ 120 ಸಲ. ನಡುವಿನ ಬಿಡುವನ್ನು ಕೆಪಾಸಿಟರ್ ತುಂಬುತ್ತದೆ. ಬೀದಿಯ ಪೈಪಿನಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ಮಾಳಿಗೆ ಮೇಲೆ ಟ್ಯಾಂಕ್ ಇದ್ದರೆ ಮನೆಯ ನಲ್ಲಿ ನಿಲ್ಲುವುದಿಲ್ಲ, ಅಲ್ವಾ? ಹಾಗೆ. ಅಥವಾ ಕುಂಬಾರನ ತಿಗರಿ ನೆನಪಿಸಿಕೊಳ್ಳಿ. ಕೋಲಿನಿಂದ ಆಗಾಗ ಮಾತ್ರ ತಿರುವುತ್ತಾನೆ, ಚಕ್ರ ಮಾತ್ರ ಒಂದೇ ಸಮ ಸುತ್ತುತ್ತಿರುತ್ತದೆ.

ಈಗ ಒಳಗೆ ನೋಡೋಣ. ಎರಡು ಅಲ್ಯುಮಿನಿಯಂ ಹಾಳೆ, ನಡುವೆ ದ್ರವದಲ್ಲಿ ನೆನೆಸಿದ ಕಾಗದ, ಎಲ್ಲ ಸೇರಿಸಿ ಚಾಪೆಯ ಹಾಗೆ ಸುರುಳಿ. ಕರೆಂಟನ್ನು ತಡೆಯುವುದು ಕಾಗದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ತಡೆಯುವುದು ಹಾಳೆಯ ಮೈಮೇಲೆ ಬೆಳೆಸಿದ ಅಲ್ಯುಮಿನಿಯಂ ಆಕ್ಸೈಡಿನ ಪೊರೆ. ಒಂದು ವೋಲ್ಟ್‌ಗೆ ಸುಮಾರು 1.4 ನ್ಯಾನೋಮೀಟರ್ ದಪ್ಪ. 450 ವೋಲ್ಟ್ ತಡೆಯುವ ಪೊರೆ ನಮ್ಮ ತಲೆಗೂದಲಿನ ನೂರನೇ ಒಂದು ಪಾಲಿನಷ್ಟು! ಕರೋಲ್ ಪೊಲ್ಲಾಕ್ ಅನ್ನುವ ಪೋಲಿಷ್ ಎಂಜಿನಿಯರ್ 1896ರಲ್ಲೇ ಇಂಥ ಕೆಪಾಸಿಟರಿಗೆ ಪೇಟೆಂಟ್ ಪಡೆದಿದ್ದ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಫ್ಲೆಮಿಂಗ್ ಮೊದಲ ಟ್ಯೂಬ್ ಮಾಡಿದ್ದು 1904ರಲ್ಲಿ. ಅಂದರೆ ಟ್ಯೂಬ್ ಹುಟ್ಟುವ ಮೊದಲೇ ಅದರ ಜೊತೆಗಾರ ಹುಟ್ಟಿದ್ದ.

ಈ ಪೊರೆಗೆ ಜೀವ ಇದ್ದಂತಿದೆ. ಎಲ್ಲಾದರೂ ಹರಿದರೆ ಅಲ್ಲಿಗೆ ಕರೆಂಟು ನುಗ್ಗುತ್ತದೆ, ದ್ರವ ಆಕ್ಸಿಜನ್ ಕೊಡುತ್ತದೆ, ಹೊಸ ಪೊರೆ ಬೆಳೆಯುತ್ತದೆ. ಗಾಯ ಮಾಯುವ ಹಾಗೆ. ಗಾಯ ಮಾಯಬೇಕಾದರೆ ಮೈಯಲ್ಲಿ ರಕ್ತ ಇರಬೇಕು. ಇಲ್ಲಿ ಆ ದ್ರವ ಇರಬೇಕು. ಅದು ವರ್ಷಗಳು ಕಳೆದಂತೆ ಮುಚ್ಚಳದ ಸಂದಿನಿಂದ ಆವಿಯಾಗುತ್ತದೆ. ಬಿಸಿ 10 ಡಿಗ್ರಿ ಜಾಸ್ತಿಯಾದರೆ ಆಯುಸ್ಸು ಸುಮಾರು ಅರ್ಧವಾಗುತ್ತದೆ, ಮತ್ತು ಟ್ಯೂಬ್ ಆಂಪ್ ಎಂದರೆ ಬಿಸಿಯ ಗೂಡು. ಹಾಗಂತ ಬಳಸದೆ ಸುಮ್ನೆ ಇಟ್ಟರೂ ಉಳಿಗಾಲವಿಲ್ಲ. ವೋಲ್ಟೇಜ್ ಇಲ್ಲದೆ ಪೊರೆ ಮೆಲ್ಲಗೆ ಸವೆಯುತ್ತದೆ. ಒಂದು ಕಡೆ ಹೂಳು ತುಂಬಿದ ಕೆರೆಯ ಹಾಗೆ ಹಿಡಿಯುವ ಶಕ್ತಿ ಇಳಿಯುತ್ತದೆ, ಇನ್ನೊಂದು ಕಡೆ ಏರಿ ಬಿರುಕುಬಿಟ್ಟ ಕೆರೆಯ ಹಾಗೆ ಸೋರುತ್ತದೆ. 30 ವರ್ಷ ಮೂಲೆಯಲ್ಲಿದ್ದ ಆಂಪನ್ನು ಖುಷಿಯಲ್ಲಿ ನೇರ ಪ್ಲಗ್‌ಗೆ ಹಾಕಿದಾಗ ಡಬ್ ಅಂತ ಸಿಡಿಯುವುದು ಇದಕ್ಕೇ.

ಆಯುಸ್ಸು ತೀರುತ್ತಿರುವ ಕೆಪಾಸಿಟರ್ ಕಿವಿಗೆ ಸಿಕ್ಕಿಬೀಳುತ್ತದೆ. ನುಡಿಸದಿದ್ದರೂ ಗುಂಯ್ ಅನ್ನುತ್ತಿರುತ್ತದೆ. ದಪ್ಪ ತಂತಿಯ ಸ್ವರ ಸಡಿಲವಾಗುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಮೇಲಿನ ಸ್ವರ ಜೋರಾಗಿ ಮೀಟಿದರೆ ಅದರ ಕೆಳಗೆ ನೀವು ನುಡಿಸದೇ ಇದ್ದ, ಶ್ರುತಿ ತಪ್ಪಿದ ಇನ್ನೊಂದು ಸ್ವರ ಕೇಳುತ್ತದೆ. ದೆವ್ವದ ಸ್ವರ ಅನ್ನುತ್ತಾರೆ. ದೆವ್ವ ಏನಿಲ್ಲ. ಸಪ್ಲೈಯಲ್ಲಿ ಉಳಿದ ಆ 100 ಅಥವಾ 120 ಹರ್ಟ್ಸ್ ಏರಿಳಿತ ನಿಮ್ಮ ಸ್ವರದೊಂದಿಗೆ ಬೆರೆತು ಮಾಡುವ ಕೆಲಸ ಅದು.

ಇಷ್ಟೆಲ್ಲ ಹೇಳಿದರೂ ಕೆಲವರು ಒಪ್ಪುವುದಿಲ್ಲ. "ಅದು ಮಾಗಿದ ಸ್ವರ, ಕೆಪಾಸಿಟರ್ ಬದಲಾಯಿಸಿದರೆ ಆಂಪ್‌ನ ಆತ್ಮವೇ ಹೋಗುತ್ತದೆ" ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಮೆರಿಕದ ಫೆಂಡರ್ ಕಂಪನಿಯ 1959ರ ಬಾಸ್‌ಮನ್ ಆಂಪ್ ತೆಗೆದುಕೊಳ್ಳಿ. ಬೇಸ್ ಗಿಟಾರಿಗೆಂದು ಮಾಡಿದ ಆ ಪೆಟ್ಟಿಗೆಯನ್ನು ಗಿಟಾರಿನವರು ಅಪ್ಪಿಕೊಂಡರು. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಜೊತೆಗಾರರು 1960ರ ದಶಕದ ಆರಂಭದಲ್ಲಿ ತಮ್ಮ ಮೊದಲ ಆಂಪ್ ಜೆಟಿಎಂ45 ಕಟ್ಟಿದ್ದು ಅದೇ ಸರ್ಕ್ಯೂಟ್ ನೋಡಿಕೊಂಡು. ಅವರೆಲ್ಲ ಮರುಳಾದ ಸ್ವರ ಹೊರಟದ್ದು ಎಲ್ಲಿಂದ? ಹೊಸ ಕೆಪಾಸಿಟರ್ ಇದ್ದ ಆಂಪ್‌ನಿಂದ. 1959ರಲ್ಲಿ ಅದಕ್ಕೆ 60 ವರ್ಷ ವಯಸ್ಸಾಗಿರಲಿಲ್ಲ! ಒಣಗಿದ್ದನ್ನು ತೆಗೆದು ಅಷ್ಟೇ ಹಿಡಿಯುವ ಶಕ್ತಿಯ ಹೊಸದನ್ನು ಹಾಕಿದರೆ ಆಂಪ್ ತನ್ನ ಹಳೆಯ ದನಿಗೆ ಹತ್ತಿರವಾಗುತ್ತದೆ. ಆ ಶಕ್ತಿ ತೀರಾ ಹೆಚ್ಚಿಸಬಾರದು, ರೆಕ್ಟಿಫೈಯರ್ ಟ್ಯೂಬ್‌ಗೆ ಹೊರೆಯಾಗುತ್ತದೆ.

ವೇರಿಯಾಕ್‌ನಿಂದ (ಮೇನ್ಸ್ ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿಟ್ಟುಕೊಳ್ಳುವ ಸಾಧನ) ನಿಧಾನವಾಗಿ ವೋಲ್ಟೇಜ್ ಏರಿಸಿದರೆ ಸಾಕು ಅನ್ನುವ ನಂಬಿಕೆಯೂ ಇದೆ. ದ್ರವ ಉಳಿದಿದ್ದರೆ ಪೊರೆ ಮತ್ತೆ ಬೆಳೆಯಬಹುದು, ನಿಜ. ಒಣಗಿಹೋಗಿದ್ದರೆ ಯಾವ ಉಪಾಯವೂ ನಡೆಯದು. ಮೇಲಾಗಿ ರೆಕ್ಟಿಫೈಯರ್ ಕೂಡ ಟ್ಯೂಬೇ ಆಗಿದ್ದರೆ, ಕಡಿಮೆ ವೋಲ್ಟೇಜಿನಲ್ಲಿ ಅದು ಸಾಕಷ್ಟು ಬಿಸಿಯಾಗುವುದೇ ಇಲ್ಲ. ಕೆಪಾಸಿಟರಿಗೆ ಏನೂ ತಲುಪುವುದಿಲ್ಲ, ಆಮೇಲೆ ಒಮ್ಮೆಲೇ ಜಾಸ್ತಿ ಬಂದು ಬೀಳುತ್ತದೆ.

ಒಂದು ಮಾತು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಕೆಲಸ ಗೊತ್ತಿರುವವರು ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕುತ್ತಾರೆ. ಹಳೆಯ ಎರಡು ಪಿನ್ನಿನ ವೈರು ಇದ್ದರೆ ಅದನ್ನೂ ಬದಲಾಯಿಸಬೇಕು. ಅಂಥ ಎಷ್ಟೋ ಆಂಪ್‌ಗಳಲ್ಲಿ ಮೇನ್ಸ್‌ನಿಂದ ಷಾಸಿಗೆ (ಆಂಪ್‌ನ ಲೋಹದ ಚೌಕಟ್ಟಿಗೆ) ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟು ಬರಬಹುದು. ಅದನ್ನು ತೆಗೆಸಿ, ಅರ್ಥ್ ಇರುವ ಮೂರು ಪಿನ್ನಿನ ವೈರು ಹಾಕಿಸಿ.

ಹಳೆಯ ರೂಪ ಕೆಡಬಾರದು ಅನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕೂ ದಾರಿ ಇದೆ. ಹೊಸ ಕೆಪಾಸಿಟರುಗಳು ಎಷ್ಟು ಚಿಕ್ಕವೆಂದರೆ, ಹಳೆಯ ಅಲ್ಯುಮಿನಿಯಂ ಡಬ್ಬಿಯ ಹೊಟ್ಟೆ ಬರಿದು ಮಾಡಿ ಹೊಸದನ್ನು ಅದರೊಳಗೇ ಕೂರಿಸುತ್ತಾರೆ. ಇನ್ನು ಕೆಲವರು ತೆಗೆದ ಭಾಗಗಳನ್ನು ಚೀಲಕ್ಕೆ ಹಾಕಿ, ತಾರೀಖು ಬರೆದು, ಕ್ಯಾಬಿನೆಟ್ಟಿನ ಒಳಗೇ ಇಡುತ್ತಾರೆ.